ಬೃಹತ್ ಗಾತ್ರದ ವಿದೇಶಿ ಹಾವುಗಳ ಸಾಕಣೆ: ನೋಂದಣಿ, ವಸತಿ ಮತ್ತು ಸುರಕ್ಷಿತ ನಿರ್ವಹಣೆ

ಅನಕೊಂಡ, ಆಫ್ರಿಕಾದ ಬಂಡೆ ಹೆಬ್ಬಾವು, ಬೋವಾ ಮುಂತಾದ ಭಾರೀ ಗಾತ್ರಕ್ಕೆ ಬೆಳೆಯುವ ವಿದೇಶಿ ಹಾವುಗಳನ್ನು ಸ್ವಾಧೀನದಲ್ಲಿ ಹೊಂದಿರುವ ಅಥವಾ ಹೊಂದಲು ಇಚ್ಛಿಸುವ ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಗಿನ ವಿವರಗಳನ್ನು ನೀಡಲಾಗಿದೆ. ನೋಂದಣಿ ಪತ್ರವು ಪ್ರಾಣಿಯ ಸ್ವಾಧೀನವನ್ನು ದಾಖಲಿಸುತ್ತದೆಯೇ ಹೊರತು ಅದನ್ನಿರಿಸಿದ ಮನೆ ಸುರಕ್ಷಿತವೆಂದು ಪ್ರಮಾಣೀಕರಿಸುವುದಿಲ್ಲ. ಸುರಕ್ಷತೆಯ ಹೊಣೆ ಪೂರ್ಣವಾಗಿ ಹಾವಿನ ಒಡೆತನ ಹೊಂದಿದವರದೇ ಆಗಿರುತ್ತದೆ. ಆದುದರಿಂದ ಅರ್ಜಿದಾರರು ನೋಂದಣಿಯ ಭಾಗವನ್ನು ಮಾತ್ರ ಓದಿ ನಿಲ್ಲಿಸದೆ, ಮುಂದಿನ ಭಾಗಗಳನ್ನೂ ಗಮನಿಸುವುದು ಅಗತ್ಯ.

ಸಾಕಲು ಅವಕಾಶವೇ ಇಲ್ಲದ ಹಾವುಗಳು

ನಮ್ಮ ನಾಡಿನ ಕಾಡು, ಕಬ್ಬಿನ ಗದ್ದೆ ಹಾಗೂ ಕೆರೆಯಂಚುಗಳಲ್ಲಿ ಕಂಡುಬರುವ ಹೆಬ್ಬಾವು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಅನುಸೂಚಿ 1ಕ್ಕೆ ಸೇರಿದೆ. ಇದನ್ನು ಹಿಡಿಯುವುದು, ಮನೆಯಲ್ಲಿರಿಸುವುದು, ಮಾರುವುದು, ಕೊಳ್ಳುವುದು ಎಲ್ಲವೂ ಅಪರಾಧ. ಗದ್ದೆಯಲ್ಲಿ ಸಿಕ್ಕ ಮರಿಯನ್ನು ಕರುಣೆಯಿಂದ ಸಾಕಿದೆನೆಂಬ ಸಮಜಾಯಿಷಿಗೆ ಕಾನೂನಿನಲ್ಲಿ ಅವಕಾಶವಿಲ್ಲ. ಈಶಾನ್ಯ ಭಾರತದಲ್ಲಿ ವಾಸಿಸುವ ಬರ್ಮಾ ಹೆಬ್ಬಾವು ಮತ್ತು ನಿಕೋಬಾರ್ ದ್ವೀಪಗಳಲ್ಲಿರುವ ಜಾಲ ಹೆಬ್ಬಾವುಗಳಿಗೂ ಇದೇ ರಕ್ಷಣೆಯಿದೆ. ಅನುಸೂಚಿ 1ರ ಪ್ರಾಣಿಗೆ ಸಂಬಂಧಿಸಿದ ಅಪರಾಧಕ್ಕೆ ಕನಿಷ್ಠ 3 ವರ್ಷಗಳಿಂದ 7 ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡವನ್ನು ವಿಧಿಸಬಹುದಾಗಿದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಹಳದಿ ಮತ್ತು ಬಿಳಿ ಬಣ್ಣದ ಹೆಬ್ಬಾವುಗಳನ್ನು "ವಿದೇಶಿ ತಳಿ, ಯಾವ ತೊಂದರೆಯೂ ಇಲ್ಲ" ಎಂದು ಹೇಳಿ ಮಾರುವವರಿದ್ದಾರೆ. ಇಂತಹವುಗಳಲ್ಲಿ ಹೆಚ್ಚಿನವು ವರ್ಣಹೀನತೆಯಿರುವ ಬರ್ಮಾ ಹೆಬ್ಬಾವುಗಳು. ಬಣ್ಣ ಬದಲಾದ ಮಾತ್ರಕ್ಕೆ ಪ್ರಭೇದ ಬದಲಾಗದು. ಒಂದೇ ಪ್ರಭೇದವು ಅನುಸೂಚಿ 1 ಹಾಗೂ ಅನುಸೂಚಿ 4 ಎರಡರಲ್ಲೂ ಇದ್ದಲ್ಲಿ ಅದಕ್ಕೆ ಅನುಸೂಚಿ 1ರ ಕಟ್ಟಳೆಗಳೇ ಅನ್ವಯಿಸುತ್ತವೆ.

ನೋಂದಣಿ

ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸಂಬಂಧಿಸಿದ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿ ಎಲ್ಲ ಬಗೆಯ ಹೆಬ್ಬಾವುಗಳೂ, ಬೋವಾಗಳೂ, ಅನಕೊಂಡಗಳೂ ಸೇರಿವೆ. ಅಧಿನಿಯಮಕ್ಕೆ 2022ರಲ್ಲಿ ತರಲಾದ ತಿದ್ದುಪಡಿಯ ಮೂಲಕ ಈ ಪಟ್ಟಿಯನ್ನು ಅನುಸೂಚಿ 4 ಆಗಿ ಅಳವಡಿಸಲಾಯಿತು. ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಪ್ರಕರಣ 49ಎಂ ಅನ್ವಯ ಅನುಸೂಚಿ 4ರ ಜೀವಂತ ಪ್ರಾಣಿಯನ್ನು ಹೊಂದಿರುವ ಪ್ರತಿಯೊಬ್ಬರೂ ಅದರ ವಿವರವನ್ನು ವರದಿ ಮಾಡಿ ನೋಂದಣಿ ಪತ್ರ ಪಡೆಯತಕ್ಕದ್ದು.

ಇದಕ್ಕೆ ಸಂಬಂಧಿಸಿದ ನಿಯಮಗಳು 2024ರ ಫೆಬ್ರವರಿ 28ರಂದು ಪ್ರಕಟವಾದವು. ಆ ವೇಳೆಗಾಗಲೇ ಪ್ರಾಣಿಗಳನ್ನು ಹೊಂದಿದ್ದವರಿಗೆ 6 ತಿಂಗಳ ಕಾಲಾವಕಾಶವಿತ್ತು. ಆ ಅವಧಿ ಮುಗಿದಿದೆ. ಹೊಸದಾಗಿ ಪಡೆದವರು ಪಡೆದ ದಿನದಿಂದ 30 ದಿನಗಳೊಳಗಾಗಿ ಕೇಂದ್ರ ಸರ್ಕಾರದ ಪರಿವೇಶ್ 2.0 ಜಾಲತಾಣದ ಮುಖಾಂತರ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅರ್ಜಿ ಸಲ್ಲಿಸತಕ್ಕದ್ದು. ಹಾವು ಮರಿ ಹಾಕಿದರೆ, ಸತ್ತರೆ ಅಥವಾ ಬೇರೊಬ್ಬರಿಗೆ ಪರಭಾರೆಯಾದರೆ ಆ ಮಾಹಿತಿಯನ್ನೂ ಸಲ್ಲಿಸಬೇಕಾಗುತ್ತದೆ. 2020ರಲ್ಲಿ ಕೇಂದ್ರ ಪರಿಸರ ಸಚಿವಾಲಯವು ದಾಖಲೆಗಳಿಲ್ಲದೆ ಸ್ವಯಂ ಘೋಷಣೆಗೆ ಅವಕಾಶ ನೀಡಿದ್ದಿತು. ಅಂದಿನ ಘೋಷಣೆ ಬೇರೆ, ಇಂದಿನ ಕಾನೂನಿನ ನೋಂದಣಿ ಬೇರೆ. ಹಳೆಯ ಸ್ವೀಕೃತಿಯೊಂದನ್ನೇ ನೆಚ್ಚಿಕೊಂಡಿರುವವರು ತಮ್ಮ ಸ್ಥಿತಿಯನ್ನು ಖಚಿತಪಡಿಸಿಕೊಳ್ಳುವುದು ಒಳಿತು.

ಹೊರದೇಶದಿಂದ ತರುವ ಹಾವಿಗೆ ಆಮದು ಪರವಾನಗಿ ಹಾಗೂ ಸೈಟಿಸ್ ಅನುಮತಿ ಎರಡೂ ಬೇಕು. 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಬಂದಿಳಿದ ಪ್ರಯಾಣಿಕರೊಬ್ಬರ ಚೀಲದಲ್ಲಿ 10 ಹಳದಿ ಅನಕೊಂಡಗಳು ಪತ್ತೆಯಾಗಿ, ಅವುಗಳನ್ನು ಸೀಮಾಸುಂಕ ಅಧಿಕಾರಿಗಳು ವಶಪಡಿಸಿಕೊಂಡರು. ಮಾರುಕಟ್ಟೆಯಲ್ಲಿ ದಾಖಲೆಯಿಲ್ಲದೆ ದೊರೆಯುವ ಮರಿಗಳು ಬರುವ ದಾರಿ ಇಂತಹದು. ಮಾರುವವರು ಮೂಲ ದಾಖಲೆ ನೀಡದಿದ್ದಲ್ಲಿ ಖರೀದಿಸಬಾರದು.

ಖರೀದಿಗೆ ಮುನ್ನ

ಮರಿಯಾಗಿದ್ದಾಗ ಈ ಹಾವುಗಳು ಒಂದೂವರೆ ಎರಡು ಅಡಿ ಉದ್ದವಿದ್ದು ಅಂಗೈಯಲ್ಲಿ ಸುತ್ತಿಕೊಂಡು ಕೂರುತ್ತವೆ. ಚೆನ್ನಾಗಿ ಮೇವು ದೊರೆತರೆ ದೊಡ್ಡ ಪ್ರಭೇದಗಳು ಮೂರು ವರ್ಷಗಳಲ್ಲಿ ಎಂಟು ಹತ್ತು ಅಡಿ ಮುಟ್ಟುತ್ತವೆ. ಬೋವಾ ಸಾಮಾನ್ಯವಾಗಿ 2ರಿಂದ 3 ಮೀಟರ್, ಹೆಣ್ಣು ಹಳದಿ ಅನಕೊಂಡ 3 ಮೀಟರ್ ಮೀರಿ, ಆಫ್ರಿಕಾದ ಬಂಡೆ ಹೆಬ್ಬಾವು 3ರಿಂದ 4.5 ಮೀಟರ್ ಬೆಳೆಯುತ್ತವೆ. ಹೆಣ್ಣು ಹಸಿರು ಅನಕೊಂಡ 4ರಿಂದ 5 ಮೀಟರ್ ಉದ್ದವಾಗಿ, ಇಬ್ಬರು ಗಂಡಾಳುಗಳೂ ಸುಲಭವಾಗಿ ಎತ್ತಲಾರದಷ್ಟು ತೂಗಬಲ್ಲದು. ಆಯುಸ್ಸು 20 ವರ್ಷಗಳಿಗೂ ಹೆಚ್ಚು. ಅಂದರೆ ಇಂದು ಪದವಿ ಓದುತ್ತಿರುವ ಮಗ ಕೊಂಡು ತಂದ ಹಾವು, ಆತ ಉದ್ಯೋಗಕ್ಕೆಂದು ಊರು ಬಿಟ್ಟ ಮೇಲೂ ತಂದೆ ತಾಯಿಗಳ ಮನೆಯಲ್ಲೇ ಉಳಿಯುತ್ತದೆ. ಅಂದು ಅದನ್ನು ಎತ್ತುವವರು ಯಾರು ಎಂಬ ಪ್ರಶ್ನೆಗೆ ಖರೀದಿಯ ದಿನವೇ ಉತ್ತರವಿರಬೇಕು. ಎಂಟು ಅಡಿ ಮೀರಿದ ಯಾವುದೇ ಹಾವು ಒಬ್ಬರೇ ಸಾಕುವಂತಹ ಪ್ರಾಣಿಯಲ್ಲ. ಹಾವಿನ ಸ್ವಭಾವ ಬಲ್ಲ, ಕರೆದೊಡನೆ ಬರಬಲ್ಲ ಎರಡನೆಯ ವಯಸ್ಕರು ಮನೆಯಲ್ಲಿಲ್ಲದವರು ಇಂತಹ ಹಾವನ್ನು ಸಾಕದಿರುವುದೇ ಸೂಕ್ತ.

ಬಾಡಿಗೆ ಮನೆಯಲ್ಲಿರುವವರು ಮನೆಯ ಮಾಲೀಕರ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯುವುದು ಕ್ಷೇಮ. ಬಹುಮಹಡಿ ಕಟ್ಟಡಗಳಲ್ಲಿ ನೆರೆಹೊರೆಯವರಿಂದ ಮುಚ್ಚಿಟ್ಟು ಸಾಕುವುದು ಮುಂದೆ ತೊಂದರೆಗೇ ದಾರಿ.

ಗೂಡು ಮತ್ತು ಕೊಠಡಿ

2013ರ ಆಗಸ್ಟ್‌ನಲ್ಲಿ ಕೆನಡಾ ದೇಶದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಕ್ಯಾಂಪ್‌ಬೆಲ್‌ಟನ್ ಪಟ್ಟಣದಲ್ಲಿ, ಮನೆಯೊಂದರಲ್ಲಿ ಸಾಕಿದ್ದ ಆಫ್ರಿಕಾದ ಬಂಡೆ ಹೆಬ್ಬಾವು ರಾತ್ರಿ ವೇಳೆ ಗೂಡಿನ ಗಾಳಿಯ ಕೊಳವೆಯ ಮೂಲಕ ಹೊರಬಂದಿತು. ಆ ದಾರಿಯಲ್ಲೇ ಸಾಗಿ, ಮತ್ತೊಂದು ಕೊಠಡಿಯ ಚಾವಣಿಯಿಂದ ಕೆಳಗೆ ಬಿದ್ದು, ಅಲ್ಲಿ ಮಲಗಿದ್ದ 4 ಮತ್ತು 6 ವರ್ಷದ ಇಬ್ಬರು ಬಾಲಕರನ್ನು ಕೊಂದಿತು. ಮಕ್ಕಳು ಅಂದು ಆ ಮನೆಗೆ ಅತಿಥಿಗಳಾಗಿ ಬಂದಿದ್ದರು. ಅದಕ್ಕೂ ಮೊದಲು, 2009ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಎರಡು ವರ್ಷದ ಹೆಣ್ಣುಮಗುವೊಂದು ಗೂಡಿನಿಂದ ತಪ್ಪಿಸಿಕೊಂಡ ಬರ್ಮಾ ಹೆಬ್ಬಾವಿಗೆ ಬಲಿಯಾಯಿತು. ಆ ಹಾವಿನ ಉದ್ದ ಒಂಬತ್ತು ಅಡಿಯನ್ನೂ ಮುಟ್ಟಿರಲಿಲ್ಲ. ಎರಡೂ ಪ್ರಕರಣಗಳಲ್ಲಿ ಹಾವನ್ನು ಯಾರೂ ಕೆಣಕಿರಲಿಲ್ಲ, ಗೂಡು ಭದ್ರವಾಗಿರಲಿಲ್ಲ.

ಆದಕಾರಣ ಗೂಡಿನ ಅಂದಕ್ಕಿಂತ ಅದರ ಬೀಗ, ಕಿಂಡಿ ಮತ್ತು ಸಂದುಗಳಿಗೆ ಹೆಚ್ಚಿನ ಗಮನ ನೀಡತಕ್ಕದ್ದು. ತಲೆ ತೂರುವಷ್ಟು ಸಂದು ದೊರೆತರೆ ಹಾವು ಮೈಯ ಬಲವನ್ನೆಲ್ಲ ಅಲ್ಲಿ ಹಾಕಿ ನೂಕುತ್ತದೆ. ಜರುಗುವ ಗಾಜಿನ ಬಾಗಿಲಿಗೆ ಬೆಣೆ ಸಿಕ್ಕಿಸಿದರೆ ಸಾಲದು, ಬೀಗ ಹಾಕಬೇಕು. ಮೇಲ್ಮುಚ್ಚಳದ ಮೇಲೆ ಕಲ್ಲು ಹೇರುವ ವಾಡಿಕೆ ಕೆಲವರಲ್ಲಿದೆ. ಹತ್ತು ಕಿಲೋ ಕಲ್ಲನ್ನು ಬಲಿತ ಹೆಬ್ಬಾವು ನಿರಾಯಾಸವಾಗಿ ಎತ್ತಿ ಬೀಳಿಸುತ್ತದೆ. ಗಾಳಿ ಕಿಂಡಿಗಳಿಗೆ ಬಲವಾದ ಕಬ್ಬಿಣದ ಜಾಲರಿಯನ್ನು ಒಳಗಿನಿಂದ ತಿರುಪುಮೊಳೆ ಹಾಕಿ ಬಿಗಿಯಬೇಕು. ಸೊಳ್ಳೆಪರದೆಯ ಜಾಲರಿ ಇದಕ್ಕೆ ಸಲ್ಲದು.

ಗೂಡು ಇರುವ ಕೊಠಡಿಯೇ ಎರಡನೆಯ ಗೂಡಿನಂತಿರಬೇಕು. ಕೊಠಡಿಯ ಬಾಗಿಲಿಗೆ ಪ್ರತ್ಯೇಕ ಬೀಗವಿದ್ದು, ಕೀಲಿಕೈ ಮಕ್ಕಳ ಕೈಗೆಟುಕದ ಸ್ಥಳದಲ್ಲಿರಬೇಕು. ಬಾಗಿಲಿನ ಕೆಳಸಂದು, ಗವಾಕ್ಷಿ, ಹವಾನಿಯಂತ್ರಕದ ಕೊಳವೆ ಹಾಯುವ ರಂಧ್ರ, ಬಚ್ಚಲಿನ ನೀರು ಹೋಗುವ ತೂಬು, ಇವನ್ನೆಲ್ಲ ಮುಚ್ಚುವುದು ಕಡ್ಡಾಯವೆಂದೇ ಭಾವಿಸತಕ್ಕದ್ದು. ಹಾವಿನ ಕೊಠಡಿಯಲ್ಲಿ ಯಾರೂ ಮಲಗಕೂಡದು. ಮನೆಗೆ ನೆಂಟರಿಷ್ಟರ ಮಕ್ಕಳು ಬಂದ ದಿನ ಎರಡೂ ಬೀಗಗಳನ್ನು ಮನೆಯ ಹಿರಿಯರೊಬ್ಬರು ಮುಟ್ಟಿ ನೋಡುವುದು ಒಳ್ಳೆಯ ಪದ್ಧತಿ.

ಗೂಡಿನ ಅಳತೆಯು ಹಾವು ಮೈಚಾಚಿ ನೇರವಾಗಿ ಮಲಗುವಷ್ಟು ಇರುವುದು ಉತ್ತಮ. ಸುರುಳಿ ಸುತ್ತಿಕೊಂಡು ಸದಾ ಒಂದೇ ಮೂಲೆಯಲ್ಲಿರುವ ಹಾವು ತೃಪ್ತವಾಗಿದೆಯೆಂಬ ನಂಬಿಕೆ ಸರಿಯಲ್ಲ. ಅದಕ್ಕೆ ಬೇರೆ ಜಾಗವೇ ಇಲ್ಲದಿರಬಹುದು. ಒಂದು ತುದಿಯಲ್ಲಿ 32ರಿಂದ 34 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿಯಲ್ಲಿ 26ರಿಂದ 28 ಡಿಗ್ರಿ ಉಷ್ಣತೆ ಇದ್ದಲ್ಲಿ ಹಾವು ತನಗೆ ಬೇಕಾದ ಕಡೆ ಸರಿದುಕೊಳ್ಳುತ್ತದೆ. ಬೆಂಗಳೂರಿನ ಧನುರ್ಮಾಸದ ರಾತ್ರಿಗಳು ಈ ಉಷ್ಣವಲಯದ ಪ್ರಾಣಿಗಳಿಗೆ ತೀರಾ ತಣ್ಣಗಾದವು. ಶೀತ ತಗುಲಿದ ಹಾವು ಬಾಯಿ ತೆರೆದು ಉಸಿರಾಡುತ್ತದೆ, ಮೂಗಿನಲ್ಲಿ ನೊರೆ ಕಾಣಿಸುತ್ತದೆ. ಕೂಡಲೇ ಪಶುವೈದ್ಯರಿಗೆ ತೋರಿಸಬೇಕು. ಕಲಬುರಗಿ, ರಾಯಚೂರು ಭಾಗದ ಬೇಸಿಗೆಯಲ್ಲಿ ಸಮಸ್ಯೆ ತಿರುವುಮುರುವು. ಅಲ್ಲಿ ಗೂಡನ್ನು ತಂಪಾಗಿಡುವುದೇ ಕೆಲಸ, ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ಹಾವು ಕೆಲವೇ ಗಂಟೆಗಳಲ್ಲಿ ಸಾಯಬಹುದು. ಶಾಖದ ಬಲ್ಬಿಗೆ ಥರ್ಮೋಸ್ಟ್ಯಾಟ್ ಅಳವಡಿಸಿ, ಸುತ್ತ ತಂತಿಯ ಪಂಜರ ಹಾಕಬೇಕು. ಹಾವುಗಳು ಬಿಸಿ ಬಲ್ಬನ್ನು ಸುತ್ತಿಕೊಂಡು ಮೈ ಸುಡುತ್ತಿದ್ದರೂ ಕದಲದಿರುವುದುಂಟು. ವಿದ್ಯುತ್ ಕಡಿತದ ವೇಳೆಗೆ ಇನ್ವರ್ಟರ್ ಸೌಲಭ್ಯ ಇರತಕ್ಕದ್ದು.

ಹಾವು ಪೂರ್ತಿ ಮುಳುಗಿ ಕೂರುವಷ್ಟು ದೊಡ್ಡ ನೀರಿನ ತೊಟ್ಟಿ ಬೇಕು. ಅನಕೊಂಡ ಬಹುಪಾಲು ನೀರಿನಲ್ಲೇ ಬಾಳುವ ಪ್ರಾಣಿ. ಅದರ ತೊಟ್ಟಿಗೆ ನೀರು ಹೊರಹೋಗುವ ವ್ಯವಸ್ಥೆ ಇಲ್ಲದಿದ್ದರೆ ದಿನವೂ ಮೊಗೆದು ಹಾಕಬೇಕಾದೀತು. 300 ಲೀಟರ್ ನೀರು 300 ಕಿಲೋ ತೂಗುತ್ತದೆ. ಮೇಲಂತಸ್ತಿನ ಮನೆಯವರು ಈ ಭಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಾವಿನ ಮಲದಲ್ಲಿ ಸಾಲ್ಮೊನೆಲ್ಲಾ ರೋಗಾಣುಗಳಿರುವ ಸಂಭವವಿರುವುದರಿಂದ ತೊಟ್ಟಿಯನ್ನಾಗಲೀ ಪಾತ್ರೆಗಳನ್ನಾಗಲೀ ಅಡುಗೆಮನೆಯಲ್ಲಿ ತೊಳೆಯಬಾರದು. ಹಾವನ್ನು ಮುಟ್ಟಿದ ನಂತರ ಸಾಬೂನಿನಿಂದ ಕೈ ತೊಳೆಯತಕ್ಕದ್ದು. ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು ಮತ್ತು ವಯೋವೃದ್ಧರು ಇವುಗಳಿಂದ ದೂರವಿರಬೇಕು.

ಆಹಾರ ನೀಡುವ ಸಮಯ

ಸಾಕಿದವರ ಮೇಲೆ ಹಾವು ಎರಗುವ ಪ್ರಸಂಗಗಳು ಬಹುತೇಕ ಆಹಾರದ ವೇಳೆಯಲ್ಲೇ ಸಂಭವಿಸುತ್ತವೆ. ಹಾವು ವಾಸನೆ ಮತ್ತು ಶಾಖವನ್ನು ಆಧರಿಸಿ ಬೇಟೆಯನ್ನು ಗುರುತಿಸುತ್ತದೆ. ಹೆಬ್ಬಾವುಗಳ ತುಟಿಯಂಚಿನ ಸಣ್ಣ ಕುಳಿಗಳು ಇರುವುದೇ ಶಾಖವನ್ನು ಗ್ರಹಿಸಲು. ಕೋಳಿಯನ್ನೋ ಮೊಲವನ್ನೋ ಮುಟ್ಟಿದ ಬೆಚ್ಚಗಿನ ಕೈ ಅದರ ಪಾಲಿಗೆ ಕೋಳಿಯೇ, ಮೊಲವೇ. ಆದ್ದರಿಂದ ಸತ್ತ ಆಹಾರವನ್ನು ಮೂರು ಅಡಿಗೆ ಕಡಿಮೆಯಿಲ್ಲದ ಇಕ್ಕಳದಿಂದ ನೀಡಬೇಕು. ಆ ವೇಳೆ ಎರಡನೆಯ ವ್ಯಕ್ತಿ ಹತ್ತಿರದಲ್ಲಿರಬೇಕು. ಜೀವಂತ ಇಲಿ ಅಥವಾ ಮೊಲವನ್ನು ಗೂಡಿಗೆ ಬಿಡುವುದು ಆ ಪ್ರಾಣಿಗೆ ಹಿಂಸೆ. ಹಾವಿಗೂ ಅಪಾಯ, ಹೆದರಿದ ಇಲಿ ಹಾವಿನ ಕಣ್ಣನ್ನೇ ಕಚ್ಚಿದ ಉದಾಹರಣೆಗಳಿವೆ. ಬಲಿತ ಹಾವಿಗೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಆಹಾರ ಸಾಕು. ಆಹಾರದ ತರುವಾಯ ಒಂದು ವಾರ ಅದನ್ನು ಎತ್ತಬಾರದು. ಎತ್ತಿದರೆ ನುಂಗಿದ್ದನ್ನು ಕಕ್ಕುತ್ತದೆ. ಹಾಗೆಂದು ಬೇಗ ಬೆಳೆಯದಿರಲೆಂದು ಹಾವನ್ನು ಹಸಿವಿನಲ್ಲಿಡುವುದು ಕ್ರೂರವೂ ಅಪಾಯಕರವೂ ಆಗಿದೆ.

ಎತ್ತುವಿಕೆ ಮತ್ತು ಸ್ಥಳಾಂತರ

ಗೂಡಿನ ಬಾಗಿಲು ತೆರೆದೊಡನೆ ಕೈ ಹಾಕಕೂಡದು. ಮೊದಲು ಉದ್ದ ಹಿಡಿಯ ಕೊಕ್ಕೆಯಿಂದ ಹಾವಿನ ಮೈಯನ್ನು ಮೆಲ್ಲನೆ ಮುಟ್ಟಬೇಕು. ಪ್ರತಿ ಬಾರಿಯೂ ಹೀಗೆ ಮಾಡಿದರೆ, ಕೊಕ್ಕೆ ತಗುಲಿದ ದಿನ ಆಹಾರವಿಲ್ಲವೆಂಬುದು ಹಾವಿಗೆ ರೂಢಿಯಾಗುತ್ತದೆ. ಕುತ್ತಿಗೆ S ಆಕಾರಕ್ಕೆ ಮಡಚಿ ತಲೆ ಎತ್ತಿ ನಿಂತಿದ್ದರೆ, ಬುಸುಗುಟ್ಟಿದರೆ ಅಥವಾ ಪೊರೆ ಬಿಡುವ ಮುನ್ನ ಕಣ್ಣು ಹಾಲಿನಂತೆ ಮಸುಕಾಗಿದ್ದರೆ ಅಂದಿನ ಕೆಲಸವನ್ನು ಮುಂದೂಡುವುದು ಲೇಸು.

ಎಂಟು ಅಡಿಯವರೆಗಿನ ಹಾವನ್ನು ಎತ್ತುವಾಗಲೂ ಇನ್ನೊಬ್ಬರು ಕೂಗಳತೆಯಲ್ಲಿರಬೇಕು. ಅದಕ್ಕಿಂತ ಉದ್ದದ್ದಾದರೆ ಇಬ್ಬರು ಕೂಡಿಯೇ ಎತ್ತತಕ್ಕದ್ದು. ನಂತರದ ಪ್ರತಿ ಐದು ಅಡಿಗೆ ಮತ್ತೊಬ್ಬರು. ಒಬ್ಬರು ತಲೆಯ ಭಾಗದ ಹೊಣೆ ಹೊತ್ತರೆ, ಇನ್ನೊಬ್ಬರು ನಡುಮೈಗೆ ಆಸರೆ ಕೊಡಬೇಕು. ಆಸರೆ ತಪ್ಪಿದ ಹಾವು ಬೀಳುವ ಭಯದಿಂದ ಸಿಕ್ಕಿದ್ದನ್ನು ಬಿಗಿಯುತ್ತದೆ, ಅದು ಸಿಟ್ಟಿನಿಂದಲ್ಲ. ಆದರೆ ಬಿಗಿತದ ಪರಿಣಾಮ ಒಂದೇ. ಕೊರಳಿಗೆ ಹಾರದಂತೆ ಹಾಕಿಕೊಂಡು ಛಾಯಾಚಿತ್ರ ತೆಗೆಸಿಕೊಳ್ಳುವುದನ್ನು ಸಂಪೂರ್ಣವಾಗಿ ವರ್ಜಿಸಬೇಕು. ಹೆಬ್ಬಾವು ಉಸಿರುಗಟ್ಟಿಸಿ ಕೊಲ್ಲುತ್ತದೆಂದು ಬಹುಕಾಲ ನಂಬಲಾಗಿತ್ತು. ಬೋವಾಗಳನ್ನು ಕುರಿತು 2015ರಲ್ಲಿ ಪ್ರಕಟವಾದ ಅಧ್ಯಯನದಂತೆ, ಬಿಗಿತದಿಂದ ಬೇಟೆಯ ರಕ್ತಪರಿಚಲನೆಯೇ ಕೆಲವು ಸೆಕೆಂಡುಗಳಲ್ಲಿ ಕುಸಿಯುತ್ತದೆ. ನೆರವಿಗೆ ಕೂಗಲು ಸಮಯ ಸಿಕ್ಕೀತೆಂಬ ಭರವಸೆ ಇಟ್ಟುಕೊಳ್ಳಬಾರದೆಂಬುದಕ್ಕಾಗಿ ಇದನ್ನು ಇಲ್ಲಿ ತಿಳಿಸಲಾಗಿದೆ.

ಹಾವು ಸುತ್ತಿಕೊಂಡಾಗ

ಸುತ್ತಿಕೊಂಡ ಹಾವನ್ನು ಬಾಲದ ತುದಿಯಿಂದ ಬಿಡಿಸುತ್ತಾ ಬರಬೇಕು. ತಲೆಯ ಕಡೆಯಿಂದ ಎಳೆದರೆ ಬಿಗಿತ ಹೆಚ್ಚುತ್ತದೆ. ನಡುಮೈ ಅತ್ಯಂತ ಬಲಶಾಲಿ, ಬಾಲ ದುರ್ಬಲ. ಎರಡನೆಯ ವ್ಯಕ್ತಿ ಅಗತ್ಯವೆಂಬುದಕ್ಕೆ ಇದೇ ಕಾರಣ, ಸಿಕ್ಕಿಕೊಂಡವರ ಕೈಗೆ ಬಾಲ ಎಟುಕುವುದಿಲ್ಲ. ಕಚ್ಚಿ ಹಿಡಿದಿದ್ದರೆ ಕೈಯನ್ನು ಕಿತ್ತುಕೊಳ್ಳಬಾರದು. ಹಲ್ಲುಗಳು ಹಿಮ್ಮುಖವಾಗಿ ಬಾಗಿರುವುದರಿಂದ ಗಾಯ ಸೀಳುತ್ತದೆ, ಹಲ್ಲು ಮುರಿದು ಒಳಗೇ ಉಳಿಯುತ್ತದೆ. ಹಾವಿನ ಬಾಯಿಗೆ ತಣ್ಣೀರು ಅಥವಾ ಸ್ವಲ್ಪ ವಿನೆಗರ್ ಸುರಿದರೆ ಸಾಮಾನ್ಯವಾಗಿ ಹಿಡಿತ ಸಡಿಲಿಸುತ್ತದೆ. ಇವೆರಡನ್ನೂ ಗೂಡಿನ ಕೊಠಡಿಯಲ್ಲೇ ಇಟ್ಟಿರಬೇಕು. ಈ ಹಾವುಗಳಿಗೆ ವಿಷವಿಲ್ಲ. ಆದರೂ ಗಾಯವನ್ನು ಸಾಬೂನು ನೀರಿನಲ್ಲಿ ತೊಳೆದು ವೈದ್ಯರನ್ನು ಕಾಣಬೇಕು. ಬಿಗಿತ ಸಡಿಲಗೊಳ್ಳದಿದ್ದಲ್ಲಿ 112ಕ್ಕೆ ಕರೆ ಮಾಡತಕ್ಕದ್ದು. ಅಂತಹ ಗಳಿಗೆಯಲ್ಲಿ ಹಾವಿನ ಪ್ರಾಣಕ್ಕಿಂತ ಮನುಷ್ಯರ ಪ್ರಾಣ ದೊಡ್ಡದು.

ಹಾವು ತಪ್ಪಿಸಿಕೊಂಡಾಗ

ಮೊದಲು ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಮನೆಯಿಂದ ಹೊರಗೆ ಕಳುಹಿಸಿ, ಕೊಠಡಿಗಳ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚಿಕೊಂಡು ಬರಬೇಕು. ಹಾವು ಬೆಚ್ಚನೆಯ ಇಕ್ಕಟ್ಟಾದ ಜಾಗವನ್ನು ಅರಸುತ್ತದೆ. ಫ್ರಿಜ್ಜಿನ ಹಿಂಬದಿ, ಇನ್ವರ್ಟರ್ ಇಟ್ಟ ಮೂಲೆ, ಮಂಚದ ಪೆಟ್ಟಿಗೆ, ಅಟ್ಟ ಹಾಗೂ ಹಾಸಿಗೆಗಳ ನಡುವೆ ಹುಡುಕಬೇಕು. ಸಿಗದಿದ್ದಲ್ಲಿ ಹೊಸ್ತಿಲುಗಳ ಬಳಿ ರಂಗೋಲಿ ಪುಡಿಯನ್ನು ತೆಳುವಾಗಿ ಹರಡಿದರೆ ರಾತ್ರಿ ಹರಿದಾಡಿದ ಗುರುತು ಬೆಳಗ್ಗೆ ಕಾಣುತ್ತದೆ. ನೆರೆಯವರಿಗೂ ಅರಣ್ಯ ಸಹಾಯವಾಣಿ 1926ಕ್ಕೂ ತಡಮಾಡದೆ ತಿಳಿಸಬೇಕು. ದಂಡದ ಭಯದಿಂದ ಮುಚ್ಚಿಟ್ಟ ಒಂದು ರಾತ್ರಿಯಲ್ಲಿ ಪಕ್ಕದ ಮನೆಯ ಮಗುವಿಗೆ ಅಪಾಯವಾದರೆ ಹೊಣೆ ಇನ್ನೂ ಹೆಚ್ಚುತ್ತದೆ.

ಮುಂದೆ ಸಾಕಲಾಗದಿದ್ದಲ್ಲಿ

ಕೆರೆಗೆ, ಹೊಳೆಗೆ ಅಥವಾ ಕಾಡಿಗೆ ಬಿಡುವುದನ್ನು ಯಾವ ಸಂದರ್ಭದಲ್ಲೂ ಮಾಡಕೂಡದು. ಹಾವನ್ನು ಕಾಡಿಗೆ ಬಿಡುವುದು ಪುಣ್ಯದ ಕೆಲಸವೆಂಬ ಭಾವನೆ ನಾಗನನ್ನು ಪೂಜಿಸುವ ನಮ್ಮಲ್ಲಿ ಸಹಜವೇ. ಆದರೆ ಬೇರೆ ಖಂಡದ ಹಾವಿಗೆ ಅದು ಅನ್ವಯಿಸದು. ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗು ಪ್ರದೇಶದಲ್ಲಿ, ಸಾಕಿದವರಿಂದ ಹೊರಬಿದ್ದ ಬರ್ಮಾ ಹೆಬ್ಬಾವುಗಳು ಸಂತಾನ ಬೆಳೆಸಿಕೊಂಡವು. 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಲ್ಲಿ ರಕೂನ್‌ಗಳು ಕಾಣಿಸಿಕೊಳ್ಳುವುದು ಶೇ. 99ರಷ್ಟು ಕಡಿಮೆಯಾಗಿತ್ತು. ಅಮೆರಿಕವು 2012 ಮತ್ತು 2015ರಲ್ಲಿ ಅನಕೊಂಡವೂ ಸೇರಿದಂತೆ ಹಲವು ದೊಡ್ಡ ಹಾವುಗಳ ಆಮದನ್ನು ನಿಷೇಧಿಸಿತು. ವರ್ಷವಿಡೀ ಬೆಚ್ಚಗಿರುವ, ನೀರು ತುಂಬಿದ ನಮ್ಮ ಕರಾವಳಿಯ ತಗ್ಗುಭೂಮಿ ಅನಕೊಂಡಕ್ಕೆ ಒಗ್ಗದ ಜಾಗವೇನಲ್ಲ.

ಹಾವನ್ನು ಬೇರೊಬ್ಬರಿಗೆ ನೀಡುವುದಾದರೆ ಪಡೆಯುವವರ ಗೂಡನ್ನು ಕಣ್ಣಾರೆ ನೋಡಿ, ಪರಭಾರೆಯ ವಿವರವನ್ನು ಜಾಲತಾಣದಲ್ಲಿ ಸಲ್ಲಿಸಬೇಕು. ಸಾಗಿಸುವಾಗ ಗಟ್ಟಿಯಾದ ಹತ್ತಿ ಬಟ್ಟೆಯ ಚೀಲದಲ್ಲಿ ಹಾವನ್ನಿರಿಸಿ ಬಾಯಿ ಕಟ್ಟಿ, ಗಾಳಿಯಾಡುವ ಬೀಗ ಹಾಕಿದ ಪೆಟ್ಟಿಗೆಯಲ್ಲಿಡತಕ್ಕದ್ದು. ಸಾರ್ವಜನಿಕ ಬಸ್ಸಿನಲ್ಲಿ ಒಯ್ಯಬಾರದು. ಪಡೆಯುವವರು ಯಾರೂ ಸಿಗದಿದ್ದಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರ ಕಚೇರಿಗೆ ಲಿಖಿತ ಮನವಿ ಸಲ್ಲಿಸಿ ಸೂಚನೆ ಪಡೆಯಬೇಕು. ಜಾಗ ಹಾಗೂ ರೋಗದ ತಪಾಸಣೆಯ ತೊಡಕುಗಳಿರುವುದರಿಂದ ಮೃಗಾಲಯಗಳು ಕೇಳಿದೊಡನೆ ಸ್ವೀಕರಿಸುತ್ತವೆಂದು ಎಣಿಸಬಾರದು. ವ್ಯವಸ್ಥೆ ಆಗುವವರೆಗೆ ಹಾವಿನ ಆರೈಕೆ ನೋಂದಾಯಿತ ಒಡೆಯರದೇ ಜವಾಬ್ದಾರಿ.

ಹೆಚ್ಚಿನ ಮಾಹಿತಿಗಾಗಿ ಆಯಾ ಜಿಲ್ಲೆಯ ಉಪ ಅರಣ್ಯ ಸಂರಕ್ಷಣಾಧಿಕಾರಿಗಳ ಕಚೇರಿಯನ್ನು ಅಥವಾ ಬೆಂಗಳೂರಿನ ಮಲ್ಲೇಶ್ವರ 18ನೇ ಅಡ್ಡರಸ್ತೆಯ ಅರಣ್ಯ ಭವನವನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ. ಬರುವಾಗ ಹಾವಿನ ಛಾಯಾಚಿತ್ರ ಮತ್ತು ಖರೀದಿ ದಾಖಲೆಗಳನ್ನು ತರತಕ್ಕದ್ದು. ಹಾವನ್ನು ತರುವ ಅಗತ್ಯವಿಲ್ಲ.